ಕರಾವಳಿಯ ಊರಿಗೆ ಊರವರದ್ದೇ ಗಾಳಿ ವಿದ್ಯುತ್: ಬಿಲ್ಲಿನಿಂದ ಷೇರಿನವರೆಗೆ ಸಮಗ್ರ ಮಾರ್ಗದರ್ಶಿ

ಜುಲೈ ತಿಂಗಳಲ್ಲಿ ಮಲ್ಪೆಯ ದಕ್ಕೆಯ ಮೇಲೆ ಕೊಡೆ ಬಿಡಿಸಿ ನಿಲ್ಲಲು ಆಗುವುದಿಲ್ಲ. ‘ಇಷ್ಟು ಗಾಳಿ ಇದೆ, ಊರವರೇ ಸೇರಿ ಒಂದು ಗಾಳಿಯಂತ್ರ ಹಾಕಿದರೆ ಏನು’ ಎಂಬ ಮಾತು ಹುಟ್ಟುವುದು ಇಂಥ ಹೊತ್ತಿನಲ್ಲೇ. ಪ್ರಶ್ನೆ ಒಳ್ಳೆಯದೇ. ಆದರೆ ಕರ್ನಾಟಕದ ಗಾಳಿಯಂತ್ರಗಳು ಎಲ್ಲಿವೆ ನೋಡಿ: ಗದಗ, ಚಿತ್ರದುರ್ಗ, ದಾವಣಗೆರೆ, ಬೆಳಗಾವಿ, ಬಳ್ಳಾರಿ. ಬಹುಪಾಲು ಎಲ್ಲವೂ ಘಟ್ಟದ ಮೇಲೆ. ಹಣ ಹಾಕುವವರು ಕಡಲನ್ನು ಮರೆತದ್ದರಿಂದ ಹೀಗಾದದ್ದಲ್ಲ, ಲೆಕ್ಕ ಹಾಕಿದ್ದರಿಂದ ಆದದ್ದು.

ಕಾರವಾರದಿಂದ ಮಂಗಳೂರಿನವರೆಗಿನ ಯಾವುದೇ ಪುರಸಭೆ, ಪಂಚಾಯಿತಿ, ಮೀನುಗಾರರ ಸಹಕಾರ ಸಂಘ ಇಲ್ಲವೇ ವರ್ತಕರ ಸಂಘ ಈ ವಿಚಾರವನ್ನು ಕೈಗೆತ್ತಿಕೊಂಡರೆ ಕೊನೆಗೆ ಸಿಗುವ ಉತ್ತರ ಮೂರರಲ್ಲಿ ಒಂದು. ಯಂತ್ರ ಇಲ್ಲೇ ಹಾಕಬಹುದು. ಯಂತ್ರ ಘಟ್ಟದ ಮೇಲೆ ಹಾಕಿ ವಿದ್ಯುತ್ತನ್ನು ಇಲ್ಲಿ ಬಳಸಬಹುದು. ಅಥವಾ ಗಾಳಿ ಬೇಡ, ಚಾವಣಿ ಸೋಲಾರ್ ಸಾಕು. ಮೂರೂ ಸರಿಯುತ್ತರಗಳೇ. ಕಡಿಮೆ ಖರ್ಚಿನಲ್ಲಿ, ಕೋಟಿಗಟ್ಟಲೆ ಸಾಲ ಮಾಡುವ ಮೊದಲೇ ಅದು ತಿಳಿಯಬೇಕು, ಅಷ್ಟೆ. ಕೆಳಗಿನ ಹೆಜ್ಜೆಗಳ ಅನುಕ್ರಮವೂ ಅದಕ್ಕೇ: ಪುಕ್ಕಟೆ ಕೆಲಸ ಮೊದಲು, ದುಬಾರಿ ಕೆಲಸ ಕೊನೆಗೆ.

ಹೆಜ್ಜೆ 1: ಗಾಳಿಗಿಂತ ಮೊದಲು ಕರೆಂಟು ಬಿಲ್ಲು

ಏಳೆಂಟು ಜನರ ಸಮಿತಿ ಮಾಡಿ. ಅದರಲ್ಲಿ ಲೆಕ್ಕ ಬಲ್ಲವರೊಬ್ಬರು, ಮೆಸ್ಕಾಂ ಅಥವಾ ಹೆಸ್ಕಾಂನಿಂದ ನಿವೃತ್ತರಾದವರೊಬ್ಬರು, ಮೀನುಗಾರಿಕೆಯವರು ಒಬ್ಬಿಬ್ಬರು ಇರಲಿ. ಮೊದಲ ಕೆಲಸ, ಊರಿನ ದೊಡ್ಡ ಬಳಕೆದಾರರ ಆರ್.ಆರ್. ನಂಬರ್ ಹಿಡಿದು ಹಿಂದಿನ 12 ತಿಂಗಳ ಬಿಲ್ಲು ಕೂಡಿಸುವುದು: ಐಸ್ ಪ್ಲಾಂಟ್, ಶೀತಲಗೃಹ, ಗೇರುಬೀಜ ಕಾರ್ಖಾನೆ, ಹೋಟೆಲು, ಆಸ್ಪತ್ರೆ, ಕಾಲೇಜು, ಕುಡಿಯುವ ನೀರಿನ ಪಂಪು, ಬೀದಿದೀಪ. ಪ್ರತಿಯೊಂದಕ್ಕೂ ನಾಲ್ಕು ಅಂಕಿ ಬರೆದುಕೊಳ್ಳಿ. ಮಂಜೂರಾದ ಲೋಡು, ತಿಂಗಳವಾರು ಯೂನಿಟ್ಟು, ಯೂನಿಟ್ಟಿನ ದರ, ಎಚ್.ಟಿ.ಯೋ (ಹೆಚ್ಚು ವೋಲ್ಟೇಜಿನ ಸಂಪರ್ಕ) ಎಲ್.ಟಿ.ಯೋ (ಕಡಿಮೆ ವೋಲ್ಟೇಜಿನದು) ಎಂಬುದು.

ಮನೆಗಳನ್ನು ಈ ಪಟ್ಟಿಯಲ್ಲಿ ಮೊದಲಿಗೇ ಸೇರಿಸಬೇಡಿ. ಗೃಹಜ್ಯೋತಿಯಿಂದ ಬಿಲ್ಲು ಸೊನ್ನೆಯಾದ ಮನೆಗೆ ಗಾಳಿಯ ಕರೆಂಟು ಕೊಟ್ಟರೂ ಉಳಿತಾಯ ಸೊನ್ನೆಯೇ. ಮನೆಯವರು ಷೇರುದಾರರಾಗಿ ಬರಬಹುದು, ಗ್ರಾಹಕರಾಗಿ ಬರುವುದು ಕಷ್ಟ. ಯೋಜನೆ ನಿಲ್ಲುವುದು ದುಬಾರಿ ದರ ತೆರುವ ವಾಣಿಜ್ಯ ಮತ್ತು ಕೈಗಾರಿಕಾ ಮೀಟರುಗಳ ಮೇಲೆ.

ಬಿಲ್ಲುಗಳನ್ನು ತಿಂಗಳವಾರು ಸಾಲಾಗಿ ಇಟ್ಟು ನೋಡಿ. ಮೀನುಗಾರಿಕೆ ಊರಾದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳಿಗೆ ರಜೆ. ಬೋಟುಗಳು ದಡದಲ್ಲಿ, ಐಸ್ ಪ್ಲಾಂಟು ಬಂದ್. ಗಾಳಿ ಅತಿ ಹೆಚ್ಚು ಬೀಸುವುದೂ ಅದೇ ತಿಂಗಳುಗಳಲ್ಲಿ. ಫ್ಯಾನು, ಎ.ಸಿ. ಬಿಡದೆ ತಿರುಗುವ ಏಪ್ರಿಲ್ ಮೇಯಲ್ಲಿ ಗಾಳಿ ಮಂದ. ಕರಾವಳಿಯಲ್ಲಿ ಗಾಳಿಯ ಪಂಚಾಂಗಕ್ಕೂ ಕರೆಂಟಿನ ಪಂಚಾಂಗಕ್ಕೂ ಹೊಂದಿಕೆಯಿಲ್ಲ. ಮುಂದಿನ ಎಲ್ಲ ಲೆಕ್ಕಕ್ಕೂ ಇದೇ ಬುಡ, ಆದ್ದರಿಂದ ‘ಆಟಿಯ ಬಿಲ್ಲು’ (ಆಟಿ ಎಂದರೆ ತುಳುವರ ಮಳೆಗಾಲದ ತಿಂಗಳು) ಎಂದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಬಳಕೆಯನ್ನು ಬೇರೆಯೇ ಕಾಲಂ ಮಾಡಿ ಕೂಡಿಸಿಡಿ.

ಹೆಜ್ಜೆ 2: ನಕಾಶೆ ನೋಡುವುದು

ಎರಡು ನಕಾಶೆ ಸಾಕು. ಒಂದು, ಚೆನ್ನೈನ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆ ತಯಾರಿಸಿದ ಪವನ ನಕಾಶೆ. ಇನ್ನೊಂದು ಗ್ಲೋಬಲ್ ವಿಂಡ್ ಅಟ್ಲಾಸ್, ಉಚಿತ, 250 ಮೀಟರ್ ಚೌಕದ ವಿವರದಲ್ಲಿ ಸಿಗುತ್ತದೆ. ಎರಡರಲ್ಲೂ ನಿಮ್ಮ ಊರಿನ ಮೇಲೆ 100 ಮೀಟರ್ ಎತ್ತರದ ವಾರ್ಷಿಕ ಸರಾಸರಿ ವೇಗ ಓದಿ, ಜೊತೆಗೆ ಗದಗದ ಹತ್ತಿರ ಒಂದು ಬಿಂದುವನ್ನೂ ಓದಿ.

ಸೆಕೆಂಡಿಗೆ 5 ಮೀಟರ್, 7 ಮೀಟರ್ ಎಂದರೆ ಕಿವಿಗೆ ದೊಡ್ಡ ವ್ಯತ್ಯಾಸ ಅನ್ನಿಸದು. ಆದರೆ ಗಾಳಿಯ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. 5ರ ಘನ 125, 7ರ ಘನ 343. ಅದೇ ಯಂತ್ರದ ಮುಂದೆ ಹಾದುಹೋಗುವ ಶಕ್ತಿ 2.7 ಪಟ್ಟು. ಘಟ್ಟದ ಮೇಲೆ ಗಾಳಿ ತುಸು ತೆಳು, ಅದಕ್ಕಾಗಿ ನೂರಕ್ಕೆ ಐದಾರು ಕಳೆದರೂ ಅಂತರ ಮುಚ್ಚುವುದಿಲ್ಲ. ಯಂತ್ರಕ್ಕೆ ಗರಿಷ್ಠ ಸಾಮರ್ಥ್ಯದ ಮಿತಿ ಇರುವುದರಿಂದ ಯೂನಿಟ್ಟಿನ ಅಂತರ ಇಷ್ಟೇ ಪ್ರಮಾಣದಲ್ಲಿ ಬಾರದಿದ್ದರೂ, ದುಪ್ಪಟ್ಟು ಬರುವುದು ಸಾಮಾನ್ಯ.

ದಕ್ಕೆಯ ಮೇಲೆ ಕೊಡೆ ಮುರಿಯುವ ಗಾಳಿ ಏನಾಯಿತು ಹಾಗಾದರೆ? ಅದು ಮಳೆಗಾಲದ್ದು. ಉಳಿದ ಏಳೆಂಟು ತಿಂಗಳು ನಡೆಯುವುದು ಬೆಳಗ್ಗೆ ಹನ್ನೊಂದರ ಮೇಲೆ ಏಳುವ ಪಡುಗಾಳಿ, ಸಂಜೆ ಇಳಿಯುವುದು, ರಾತ್ರಿ ಮೂಡುಗಾಳಿ ಮೆಲ್ಲಗೆ. ಸರಾಸರಿಯನ್ನು ಕೆಳಗೆಳೆಯುವುದು ಈ ರಾತ್ರಿಗಳು. ದೋಣಿಯವರನ್ನು ಕೇಳಿದರೆ ನಕಾಶೆಗಿಂತ ಚೆನ್ನಾಗಿ ಹೇಳುತ್ತಾರೆ.

ನಕಾಶೆಯ ಅಂಕಿ 5ಕ್ಕಿಂತ ಕೆಳಗಿದ್ದರೆ ‘ಇಲ್ಲೇ ಯಂತ್ರ’ ಎಂಬ ದಾರಿಯನ್ನು ಅಲ್ಲಿಗೇ ಬಿಟ್ಟು ಹೆಜ್ಜೆ 6ಕ್ಕೆ ಹೋಗಿ. 5ರಿಂದ 6ರ ನಡುವೆ ಇದ್ದರೆ ಜಾಗ ನೋಡಬಹುದು, ಆಸೆ ಕಡಿಮೆ ಇರಲಿ. ಕಡಲೊಳಗೆ ಯಂತ್ರ ನೆಡುವ ಮಾತು ಈ ಮಟ್ಟದಲ್ಲಿ ಬೇಡ. ಕೇಂದ್ರ ಸರ್ಕಾರ 2024ರಲ್ಲಿ ನೆರವು ಮಂಜೂರು ಮಾಡಿದ 1,000 ಮೆಗಾವ್ಯಾಟ್ ಗುಜರಾತ್ ಮತ್ತು ತಮಿಳುನಾಡಿನ ಕಡಲಿಗೆ, ತಲಾ 500. ಅದು ಊರಿನ ಸಹಕಾರ ಸಂಘ ಎತ್ತುವ ಹೊರೆಯಲ್ಲ.

ಹೆಜ್ಜೆ 3: ಜಾಗಕ್ಕೆ ವೃತ್ತ ಎಳೆಯಿರಿ

ಮರಳ ದಂಡೆಯನ್ನು ಬಿಟ್ಟುಬಿಡಿ. ಕರಾವಳಿಯಲ್ಲಿ ಯೋಗ್ಯವಾದದ್ದು ಎತ್ತರದ ಬೋಳು ಮುರಕಲ್ಲಿನ ನೆಲ: ದಕ್ಷಿಣ ಕನ್ನಡ, ಉಡುಪಿಯ ಪದವು, ಉತ್ತರ ಕನ್ನಡದ ಬೇಣ. ಕೆಳಗಿನ ತೋಟಕ್ಕಿಂತ 50ರಿಂದ 100 ಮೀಟರ್ ಮೇಲಿರುವ ಪದವಿನ ಪಡುವಣ ಅಂಚಿಗೆ ಗಾಳಿ ಅಡೆತಡೆಯಿಲ್ಲದೆ ಬರುತ್ತದೆ, ಅಡಿಪಾಯಕ್ಕೂ ಗಟ್ಟಿ ನೆಲ. ತೀರಾ ಅಂಚಿನ ತುದಿ ಮಾತ್ರ ಬೇಡ, ಕಡಿದಾದ ಇಳಿಜಾರಿನ ನೆತ್ತಿಯಲ್ಲಿ ಗಾಳಿ ಸುಳಿಸುಳಿಯಾಗಿ ಏರುತ್ತದೆ.

ತೆಂಗಿನ ತೋಟ ಗಾಳಿಯ ಶತ್ರು. ಅಡ್ಡಿಯೊಂದು ಕೆಡಿಸುವ ಗಾಳಿ ಅದರ ಎತ್ತರದ ಎರಡು ಪಟ್ಟು ಮೇಲಕ್ಕೆ, ಸುಮಾರು 20 ಪಟ್ಟು ಹಿಂದಕ್ಕೆ ಹರಡುತ್ತದೆ. ಮರ 20 ಮೀಟರ್ ಎಂದರೆ 40 ಮೀಟರ್ ಎತ್ತರದವರೆಗೆ, 400 ಮೀಟರ್ ದೂರದವರೆಗೆ ಗಾಳಿ ಕಲಕಿರುತ್ತದೆ.

ಈಗ ಮನೆಗಳು. ಕೇಂದ್ರ ನವೀಕರಿಸಬಹುದಾದ ಇಂಧನ ಸಚಿವಾಲಯದ 2016ರ ಮಾರ್ಗಸೂಚಿಯಂತೆ ರಸ್ತೆ, ರೈಲುಹಳಿ, ಕಟ್ಟಡಗಳಿಂದ ಯಂತ್ರಕ್ಕೆ ಇರಬೇಕಾದ ದೂರ ಹೀಗೆ: ಗೋಪುರದ ಎತ್ತರ, ಅದಕ್ಕೆ ರೆಕ್ಕೆಚಕ್ರದ ವ್ಯಾಸದ ಅರ್ಧ, ಅದಕ್ಕೆ 5 ಮೀಟರ್. 120 ಮೀಟರ್ ಗೋಪುರ, 120 ಮೀಟರ್ ವ್ಯಾಸದ ಯಂತ್ರಕ್ಕೆ 120+60+5, ಅಂದರೆ 185 ಮೀಟರ್. ಸದ್ದಿನ ಕಾರಣಕ್ಕೆ ಮನೆಗಳ ಗುಂಪಿನಿಂದ 500 ಮೀಟರ್. ನಕಾಶೆಯ ಮೇಲೆ 500 ಮೀಟರ್ ತ್ರಿಜ್ಯದ ವೃತ್ತ ಎಳೆದರೆ ಒಳಗೆ ಬೀಳುವುದು ಸುಮಾರು 194 ಎಕರೆ. ಬಯಲುಸೀಮೆಯಲ್ಲಿ ಮನೆಗಳೆಲ್ಲ ಊರೊಳಗೆ, ಹೊಲ ಖಾಲಿ. ಅಲ್ಲಿ ಈ ವೃತ್ತ ಸುಲಭ. ಕರಾವಳಿಯಲ್ಲಿ ತೋಟಕ್ಕೊಂದು ಮನೆ. ಇಷ್ಟು ದೊಡ್ಡ ಖಾಲಿ ವೃತ್ತ ಸಿಗದೆಯೇ ಹೆಚ್ಚಿನ ಜಾಗಗಳು ಬಿದ್ದುಹೋಗುತ್ತವೆ, ಗಾಳಿ ಇಲ್ಲದೆ ಅಲ್ಲ.

ಉಳಿದ ಜಾಗಗಳ ಪಹಣಿ ತೆಗೆಸಿ. ಕುಮ್ಕಿ, ಸೊಪ್ಪಿನ ಬೆಟ್ಟ, ಗೋಮಾಳ, ಡೀಮ್ಡ್ ಫಾರೆಸ್ಟ್ ಎಂದಿದ್ದರೆ ಅದರ ಹಿಂದೆ ವರ್ಷಗಟ್ಟಲೆ ಅಲೆದಾಟ ಕಾದಿದೆ. ಖಾಸಗಿ ಪಟ್ಟಾ ನೆಲವಾದರೂ ಭೂ ಪರಿವರ್ತನೆಯ ಚಾಲ್ತಿ ನಿಯಮ ವಿಚಾರಿಸಿ. ಕೊನೆಗೆ ದಾರಿ: ಎರಡು ಮೆಗಾವ್ಯಾಟ್ ಯಂತ್ರದ ರೆಕ್ಕೆ 50 ಮೀಟರಿಗೂ ಉದ್ದ. ಆಗುಂಬೆ, ದೇವಿಮನೆಯ ತಿರುವುಗಳಲ್ಲಿ ಅದು ಇಳಿಯದು. ಬಂದರೆ ಪಣಂಬೂರಿನ ಬಂದರಿಗೆ ಹಡಗಿನಲ್ಲಿ, ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ. ಹೆದ್ದಾರಿಯಿಂದ ಪದವಿನವರೆಗಿನ ಕೊನೆಯ ಎರಡು ಕಿಲೋಮೀಟರ್‌ನಲ್ಲಿ ಎಷ್ಟು ಕಾಂಪೌಂಡು ಗೋಡೆ, ಎಷ್ಟು ತೆಂಗಿನ ಮರ ಹೋಗಬೇಕು ಎಂದು ಎಣಿಸಿ ನೋಡಿ.

ಹೆಜ್ಜೆ 4: ಒಂದು ವರ್ಷ ಗಾಳಿ ಅಳೆಯುವುದು

ಇಲ್ಲಿಯವರೆಗೆ ಖರ್ಚು ಓಡಾಟದ್ದು ಮಾತ್ರ. ಈ ಹೆಜ್ಜೆಗೆ ಲಕ್ಷಗಳು ಬೇಕು. ಹಾಗೆಂದು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಒಂದು ಲೆಕ್ಕ. ಹತ್ತಿರದ ಹವಾಮಾನ ಕೇಂದ್ರದಲ್ಲಿ 10 ಮೀಟರ್ ಎತ್ತರದ ಸರಾಸರಿ 3 ಮೀಟರ್ ಎಂದಿದೆ ಅನ್ನಿ. ಅದನ್ನು 100 ಮೀಟರಿಗೆ ಏರಿಸಲು ಎತ್ತರಗಳ ಅನುಪಾತಕ್ಕೆ ಒಂದು ಘಾತಾಂಕ ಹಾಕುತ್ತಾರೆ. ಬಯಲಿಗೆ 0.14 ಹಾಕಿದರೆ ಸಿಗುವುದು 4.1. ಮರ, ಮನೆ ಇರುವ ನೆಲಕ್ಕೆ 0.3 ಹಾಕಿದರೆ 6. ಮೂಲ ಅಂಕಿ ಒಂದೇ, ಊಹೆ ಬದಲಾಯಿತು ಅಷ್ಟೆ. ಶಕ್ತಿಯ ಲೆಕ್ಕ ಮೂರು ಪಟ್ಟು ಹಿಗ್ಗಿತು. ಯಂತ್ರ ಮಾರುವವರು ಯಾವ ಘಾತಾಂಕ ಆರಿಸುತ್ತಾರೆ ಎಂದು ಬೇರೆ ಹೇಳಬೇಕಿಲ್ಲ.

ಆದ್ದರಿಂದ ಅಳತೆ ಕಂಬ 80ರಿಂದ 100 ಮೀಟರ್ ಇರಬೇಕು, ಕನಿಷ್ಠ ಮೂರು ಎತ್ತರದಲ್ಲಿ ಗಾಳಿಮಾಪಕ ಇರಬೇಕು. ಸಾಮಗ್ರಿ ಇಷ್ಟು: ತುದಿಯಲ್ಲಿ ಎರಡು ಬಟ್ಟಲು ಗಾಳಿಮಾಪಕ, ನಡುವೆ ಮತ್ತು ಕೆಳಗೆ ಒಂದೊಂದು, ದಿಕ್ಕು ತೋರುವ ವೇನ್ ಎರಡು, ಉಷ್ಣತೆ ಮತ್ತು ಒತ್ತಡದ ಮಾಪಕ, ಸೆಕೆಂಡಿಗೊಮ್ಮೆ ಓದಿ 10 ನಿಮಿಷದ ಸರಾಸರಿ ಬರೆದಿಡುವ ಡೇಟಾ ಲಾಗರ್, ಸಿಮ್, ಸೋಲಾರ್ ಫಲಕ, ಬ್ಯಾಟರಿ, ಸಿಡಿಲು ಕಡ್ಡಿ, ವಿಮಾನಗಳಿಗೆ ಕಾಣುವ ಕೆಂಪು ದೀಪ.

ಮೊಬೈಲ್ ಟವರಿಗೆ ಮಾಪಕ ಕಟ್ಟಿ ಖರ್ಚು ಉಳಿಸುವ ಯೋಚನೆ ಎಲ್ಲರಿಗೂ ಬರುತ್ತದೆ. ಟವರಿನ ಅಗಲ, ಅದರ ಆಂಟೆನಾಗಳು ಗಾಳಿಯನ್ನೇ ತಿರುಚುತ್ತವೆ. ಕಾಪುವಿನ ದೀಪಸ್ತಂಭದಂಥ ಬಂಡೆಯ ಮೇಲಿನ ಕಟ್ಟಡವಾದರೆ ಬಂಡೆಯನ್ನು ಹತ್ತುವ ಗಾಳಿ ವೇಗ ಪಡೆದು ಅಂಕಿ ಹೆಚ್ಚು ತೋರಿಸುತ್ತದೆ. ಎರಡೂ ಬೇಡ.

ಮಾಪಕ ಹೊರುವ ಅಡ್ಡತೋಳು ಕಂಬದಿಂದ ಕಂಬದ ವ್ಯಾಸದ ಏಳೆಂಟು ಪಟ್ಟು ಹೊರಗೆ ಚಾಚಿರಲಿ. ನಮ್ಮಲ್ಲಿ ಮುಖ್ಯ ಗಾಳಿ ಪಡುವಣದ್ದು, ಹಾಗಾಗಿ ತುದಿಯ ಎರಡು ತೋಳು ಒಂದು ತೆಂಕಕ್ಕೆ, ಒಂದು ಬಡಗಕ್ಕೆ. ಪಡುಗಾಳಿ ಎರಡಕ್ಕೂ ಕಂಬದ ನೆರಳಿಲ್ಲದೆ ತಾಗುತ್ತದೆ. ಪ್ರತಿ ಮಾಪಕಕ್ಕೂ ಅದರದೇ ಕ್ಯಾಲಿಬ್ರೇಶನ್ ಪ್ರಮಾಣಪತ್ರ ಬರುತ್ತದೆ. ಅದರಲ್ಲಿನ ಅಂಕಿಯನ್ನೇ ಲಾಗರಿಗೆ ಹಾಕಿದ್ದಾರೆಯೇ ಎಂದು ನಿಂತು ನೋಡಿ, ಕಂಪನಿಯ ಸಾಮಾನ್ಯ ಅಂಕಿ ಹಾಕಿ ಹೋಗುವುದು ತೀರಾ ಮಾಮೂಲಿ ತಪ್ಪು. ವೇನಿನ ಉತ್ತರ ಗುರುತು ತೋಳಿನ ಯಾವ ಕಡೆಗೆ ಇದೆ ಎಂಬುದಕ್ಕೆ ಫೋಟೋ ತೆಗೆದಿಡಿ. ಕಂಬ ಎದ್ದ ಮೇಲೆ ಅದನ್ನು ಊಹಿಸಬೇಕಾಗುತ್ತದೆ.

ಕರಾವಳಿಯಲ್ಲಿ ಕೆಡುವುದು ಹೀಗೆ.

ಉಪ್ಪು. ಕಂಬ, ಎಳೆತಂತಿ ಎಲ್ಲ ಬಿಸಿ ಗ್ಯಾಲ್ವನೈಸ್ ಆಗಿರಲಿ, ಕ್ಲಾಂಪು ಬೋಲ್ಟುಗಳು 316 ದರ್ಜೆಯ ಸ್ಟೇನ್‌ಲೆಸ್. ಸಾಮಾನ್ಯ 304 ಕಡಲ ಹತ್ತಿರ ಚುಕ್ಕೆ ಚುಕ್ಕೆಯಾಗಿ ತುಕ್ಕು ಹಿಡಿಯುತ್ತದೆ. ಮಾಪಕದ ಬೇರಿಂಗಿಗೆ ಉಪ್ಪು ಹೊಕ್ಕರೆ ಅದು ನಿಲ್ಲುವುದಿಲ್ಲ, ನಿಧಾನವಾಗುತ್ತದೆ. ನಿಂತರೆ ಗೊತ್ತಾಗುತ್ತಿತ್ತು, ನಿಧಾನವಾದದ್ದು ಗೊತ್ತಾಗುವುದು ತುದಿಯ ಎರಡು ಮಾಪಕಗಳನ್ನು ಒಂದಕ್ಕೊಂದು ಹೋಲಿಸಿದಾಗ ಮಾತ್ರ. ಎರಡು ಹಾಕುವುದು ಅದಕ್ಕೇ.

ಜುಲೈ. ವಾರಗಟ್ಟಲೆ ಬಿಸಿಲಿಲ್ಲ, ಫಲಕದ ಮೇಲೆ ಪಾಚಿ, ಬ್ಯಾಟರಿ ಇಳಿದು ಲಾಗರ್ ಸುಮ್ಮನಾಗುತ್ತದೆ, ವರ್ಷದ ಅತಿ ಬೆಲೆಯ ತಿಂಗಳಲ್ಲೇ. ಆ ಮೂರು ವಾರ ಹೋದರೆ ಇಡೀ ವರ್ಷದ ಸರಾಸರಿ ಕುಸಿಯುತ್ತದೆ, ಬ್ಯಾಂಕಿನವರು ಆ ದತ್ತಾಂಶವನ್ನು ನಂಬುವುದೂ ಇಲ್ಲ. ಎರಡು ವಾರ ಬಿಸಿಲೇ ಇಲ್ಲದೆ ನಡೆಯುವಷ್ಟು ಬ್ಯಾಟರಿ ಹಾಕಿಸಿ, ಮೇ ಕೊನೆಯಲ್ಲಿ ಒಬ್ಬರು ಹೋಗಿ ಫಲಕ ಒರೆಸಿ ಬರಲಿ. ಒಟ್ಟು ದತ್ತಾಂಶದಲ್ಲಿ ನೂರಕ್ಕೆ 90 ಭಾಗವಾದರೂ ಕೈಗೆ ಸಿಗಬೇಕು.

ಸಿಡಿಲು. ಮುರಕಲ್ಲಿನ ಪದವಿನಲ್ಲಿ ಭೂಸಂಪರ್ಕ ಸರಿಯಾಗಿ ಸಿಗದು. ಜುಲೈಯಲ್ಲಿ ನೆಲ ನೆಂದು ಮೀಟರ್ ಒಳ್ಳೆಯ ಅಂಕಿ ತೋರಿಸುತ್ತದೆ, ಆದರೆ ಸಿಡಿಲು ಹೊಡೆಯುವುದು ಏಪ್ರಿಲ್ ಮೇಯಲ್ಲಿ, ನೆಲ ಕಾದು ಒಣಗಿದಾಗ. ಅರ್ಥಿಂಗ್ ಅಳತೆಯನ್ನು ಏಪ್ರಿಲ್‌ನಲ್ಲಿ ಮಾಡಿಸಿ, 10 ಓಮ್‌ಗಿಂತ ಮೇಲಿದ್ದರೆ ಇನ್ನೊಂದೆರಡು ಗುಂಡಿ ತೆಗೆಸಿ.

ವರ್ಷದ ದತ್ತಾಂಶ ಬಂದ ಮೇಲೆ ಅದನ್ನು ದೀರ್ಘಕಾಲದ ದಾಖಲೆಯೊಂದಿಗೆ ತಾಳೆ ನೋಡಬೇಕು, ಅಳೆದ ವರ್ಷವೇ ಮುಂಗಾರು ಜೋರಾಗಿತ್ತೋ ಸೊರಗಿತ್ತೋ ತಿಳಿಯಲು. ಇದಕ್ಕೆ ಇಆರ್‌ಎ5 ಎಂಬ ಮರುವಿಶ್ಲೇಷಣೆಯ ದಾಖಲೆ ಬಳಸುತ್ತಾರೆ. ಅದರ ಒಂದು ಚೌಕ ಸುಮಾರು 31 ಕಿಲೋಮೀಟರ್. ನಮ್ಮ ಕರಾವಳಿಯಲ್ಲಿ ಅಷ್ಟು ಅಗಲದೊಳಗೆ ಕಡಲು, ಊರು, ಘಟ್ಟದ ಬುಡ ಎಲ್ಲ ಬಂದುಬಿಡುತ್ತದೆ. ಹಾಗಾಗಿ ಹೆಚ್ಚು ಕಡಿಮೆ ವರ್ಷ ಗುರುತಿಸಲು ಅದು ಸಾಕು, ಅಳತೆಯ ಬದಲಿಗೆ ಆಗದು.

ಹೆಜ್ಜೆ 5: ಚಾವಣಿಯ ಪುಟ್ಟ ಗಾಳಿಯಂತ್ರ ಬೇಡ

ಯಾರಾದರೂ ಸಭೆಯಲ್ಲಿ ಇದನ್ನು ಎತ್ತುತ್ತಾರೆ, ಹಾಗಾಗಿ ಲೆಕ್ಕ ಸಿದ್ಧವಿರಲಿ. ಐದು ಕಿಲೋವ್ಯಾಟ್ ಯಂತ್ರ, ಚಕ್ರದ ವ್ಯಾಸ 5.4 ಮೀಟರ್. ಸರಾಸರಿ 4 ಮೀಟರ್ ಗಾಳಿಯಲ್ಲಿ, ಗಾಳಿಯ ಶಕ್ತಿಯ ಕಾಲು ಭಾಗ ಹಿಡಿಯುತ್ತದೆ ಎಂದುಕೊಂಡರೆ ವರ್ಷಕ್ಕೆ ಸುಮಾರು 3,500 ಯೂನಿಟ್. ಅಷ್ಟೇ ಕಿಲೋವ್ಯಾಟಿನ ಸೋಲಾರ್, ದಿನಕ್ಕೆ ಕಿಲೋವ್ಯಾಟಿಗೆ 4 ಯೂನಿಟ್ ಹಿಡಿದರೂ, 7,300. ಚಾವಣಿಯ ಮೇಲೆ 4 ಮೀಟರ್ ಸರಾಸರಿ ಸಿಗುವುದೂ ಅಪರೂಪ. ಕಟ್ಟಡ ಕಲಕಿದ ಗಾಳಿಗೆ ಬೇರಿಂಗ್ ಬೇಗ ಸವೆಯುತ್ತದೆ, ಸ್ಲ್ಯಾಬಿಗೆ ಗಡಗಡ ಅದಿರು.

ಹೆಜ್ಜೆ 6: ಘಟ್ಟದ ಮೇಲಿನ ಗಾಳಿ, ಘಟ್ಟದ ಕೆಳಗಿನ ಮೀಟರು

ಹೆಚ್ಚಿನ ಕರಾವಳಿ ಊರುಗಳಿಗೆ ನಿಜವಾದ ದಾರಿ ಇದು ಎನ್ನುವುದೇ ನಮ್ಮ ಅಭಿಪ್ರಾಯ. ಗಾಳಿ ಇರುವಲ್ಲಿ ಯಂತ್ರ, ಜನ ಇರುವಲ್ಲಿ ಬಳಕೆ, ನಡುವೆ ರಾಜ್ಯದ ವಿದ್ಯುತ್ ಪ್ರಸರಣ ನಿಗಮದ (ಕೆ.ಪಿ.ಟಿ.ಸಿ.ಎಲ್.) ತಂತಿ.

ಇದು ಬರೀ ಕನಸಲ್ಲ. ಕೊಯಮತ್ತೂರು ಜಿಲ್ಲೆಯ ಮೇಟ್ಟುಪಾಳ್ಯಂ ಬಳಿಯ ಓಡಂತುರೈ ಗ್ರಾಮ ಪಂಚಾಯಿತಿ 2006ರಲ್ಲಿ 350 ಕಿಲೋವ್ಯಾಟಿನ ಗಾಳಿಯಂತ್ರ ಕೊಂಡಿತು. ಬೆಲೆ 1.55 ಕೋಟಿ ರೂಪಾಯಿ. ಪಂಚಾಯಿತಿಯ ಉಳಿತಾಯ 40 ಲಕ್ಷ, ಉಳಿದದ್ದು ಬ್ಯಾಂಕ್ ಸಾಲ. ಯಂತ್ರ ನಿಂತದ್ದು ಊರಿನಲ್ಲಲ್ಲ, ಸುಮಾರು 100 ಕಿಲೋಮೀಟರ್ ದೂರದ ಉಡುಮಲೈಪೇಟೆ ಕಡೆಯ ಮೈವಾಡಿಯಲ್ಲಿ, ಗಾಳಿ ಇರುವಲ್ಲಿ. ವರ್ಷಕ್ಕೆ ಸುಮಾರು 6.75 ಲಕ್ಷ ಯೂನಿಟ್. ಪಂಚಾಯಿತಿಯ ಬಳಕೆ 4.5 ಲಕ್ಷ, ಮಿಕ್ಕದ್ದು ವಿದ್ಯುತ್ ಮಂಡಳಿಗೆ ಮಾರಾಟ. 350 ಕಿಲೋವ್ಯಾಟ್ ವರ್ಷವಿಡೀ ಪೂರ್ತಿ ಓಡಿದರೆ 30.66 ಲಕ್ಷ ಯೂನಿಟ್ ಆಗಬೇಕು, ಅಂದರೆ ಸಾಮರ್ಥ್ಯದ ಶೇ. 22ರಷ್ಟು. ಅಂದಿನ ಯಂತ್ರಕ್ಕೆ ನ್ಯಾಯವಾದ ಅಂಕಿ.

ಕಾನೂನಿನಲ್ಲಿ ನಿಮಗೆ ಬೇಕಾದ ಪದ ‘ಕ್ಯಾಪ್ಟಿವ್’, ಸ್ವಬಳಕೆಯ ಉತ್ಪಾದನೆ. 2005ರ ವಿದ್ಯುತ್ ನಿಯಮಗಳ ಪ್ರಕಾರ ಸ್ಥಾವರದ ಕನಿಷ್ಠ ಶೇ. 26 ಮಾಲೀಕತ್ವ ಬಳಕೆದಾರರದ್ದಾಗಿರಬೇಕು, ವರ್ಷದ ಉತ್ಪಾದನೆಯ ಕನಿಷ್ಠ ಶೇ. 51ನ್ನು ಅವರೇ ಬಳಸಬೇಕು. ಹಾಗಿದ್ದರೆ ಬೇರೆ ಕಡೆಯಿಂದ ವಿದ್ಯುತ್ ತರುವ ಗ್ರಾಹಕರ ಮೇಲೆ ಬೀಳುವ ಹೆಚ್ಚುವರಿ ಶುಲ್ಕ, ಕ್ರಾಸ್ ಸಬ್ಸಿಡಿ ಸರ್‌ಚಾರ್ಜ್ ಇಲ್ಲ. ಕಂಪನಿ ಮಾಡಿಕೊಂಡರೆ ಪ್ರತಿಯೊಬ್ಬರ ಬಳಕೆಯೂ ಅವರ ಪಾಲಿಗೆ ತಕ್ಕಂತಿರಬೇಕು, ಶೇ. 10ರಷ್ಟು ಆಚೀಚೆ. ನೋಂದಾಯಿತ ಸಹಕಾರ ಸಂಘವಾದರೆ ಶೇ. 26 ಮತ್ತು ಶೇ. 51ರ ಎರಡು ಷರತ್ತನ್ನು ಸದಸ್ಯರೆಲ್ಲ ಒಟ್ಟಾಗಿ ಪೂರೈಸಿದರೆ ಸಾಕು. ಮೀನಿನ ಬರ ಬಂದು ಒಬ್ಬರ ಐಸ್ ಪ್ಲಾಂಟ್ ಆರು ತಿಂಗಳು ಮುಚ್ಚಿದರೂ ಹೋಟೆಲು, ಆಸ್ಪತ್ರೆಯವರ ಬಳಕೆ ಆ ಲೆಕ್ಕವನ್ನು ಎತ್ತಿಹಿಡಿಯುತ್ತದೆ. ಸಂಘವೇ ಆಗಲಿ ಎನ್ನುವುದಕ್ಕೆ ಇದೊಂದೇ ಕಾರಣ ಸಾಕು. ಒಂದು ವರ್ಷ ಶೇ. 51 ತಪ್ಪಿದರೆ ಆ ವರ್ಷದ ಇಡೀ ವಿದ್ಯುತ್ತಿಗೆ ಸರ್‌ಚಾರ್ಜ್ ಬೀಳುತ್ತದೆ.

ಬೇರೆಡೆಯ ವಿದ್ಯುತ್ತನ್ನು ಗ್ರಿಡ್ಡಿನ ತಂತಿಯಲ್ಲಿ ತರಿಸಿಕೊಳ್ಳುವುದಕ್ಕೆ ‘ಮುಕ್ತ ಪ್ರವೇಶ’ ಎನ್ನುತ್ತಾರೆ. 2022ರ ಹಸಿರು ಇಂಧನ ಮುಕ್ತ ಪ್ರವೇಶ ನಿಯಮಗಳು ಬಳಕೆದಾರರ ಲೋಡಿನ ಮಿತಿಯನ್ನು 1 ಮೆಗಾವ್ಯಾಟ್‌ನಿಂದ 100 ಕಿಲೋವ್ಯಾಟ್‌ಗೆ ಇಳಿಸಿದವು, ಸ್ವಬಳಕೆಯವರಿಗೆ ಆ ಮಿತಿಯೂ ಇಲ್ಲ. ನಿಜವಾದ ಗಂಟು ಇರುವುದು ಬ್ಯಾಂಕಿಂಗ್‌ನಲ್ಲಿ. ಬಳಸದೆ ಉಳಿದ ಯೂನಿಟ್ಟನ್ನು ಗ್ರಿಡ್ಡಿನಲ್ಲಿ ಜಮೆ ಇಟ್ಟು ಆಮೇಲೆ ಪಡೆಯುವ ಸೌಲಭ್ಯ ಇದು. ಕೇಂದ್ರದ ನಿಯಮ ಹೇಳುವುದು ಕನಿಷ್ಠ ತಿಂಗಳ ಲೆಕ್ಕದ ಬ್ಯಾಂಕಿಂಗ್. ತಿಂಗಳ ಲೆಕ್ಕವೆಂದರೆ ಜುಲೈಯ ಗಾಳಿ ಡಿಸೆಂಬರಿನ ಐಸಿಗೆ ಸಿಗದು. ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗದ ಚಾಲ್ತಿ ಆದೇಶವನ್ನು ತಂದು, ಬ್ಯಾಂಕಿಂಗ್ ಅವಧಿ, ಅದರ ಶುಲ್ಕ, ತಂತಿ ಬಳಕೆಗೆ ಕೊಡುವ ವೀಲಿಂಗ್ ಶುಲ್ಕ, ದಾರಿಯಲ್ಲಿನ ನಷ್ಟದ ಶೇಕಡಾವಾರು, ಈ ನಾಲ್ಕು ಅಂಕಿ ಬರೆದುಕೊಂಡ ಮೇಲೆಯೇ ಮುಂದಿನ ಲೆಕ್ಕ. ಹಳೆಯ ಯೋಜನಾ ವರದಿಯ ಅಂಕಿ ಎತ್ತಿ ಹಾಕಬೇಡಿ, ಈ ನಿಯಮಗಳು ಬದಲಾಗುತ್ತಲೇ ಇರುತ್ತವೆ.

ಬಯಲುಸೀಮೆಯಲ್ಲೂ ವರ್ಷದ ಉತ್ಪಾದನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್‌ ಒಳಗೇ ಬರುತ್ತದೆ. ಹಾಗಾಗಿ ಯಂತ್ರದ ಗಾತ್ರವನ್ನು ವರ್ಷದ ಒಟ್ಟು ಬಿಲ್ಲಿಗೆ ಅಳೆಯಬೇಡಿ, ಮೊದಲ ಹೆಜ್ಜೆಯಲ್ಲಿ ಕೂಡಿಸಿಟ್ಟ ಆಟಿಯ ಬಿಲ್ಲಿಗೆ ಅಳೆಯಿರಿ. ಸಂಘಕ್ಕೆ ಸದಸ್ಯರನ್ನು ಹುಡುಕುವಾಗಲೂ ಮಳೆಗಾಲದಲ್ಲಿ ಮುಚ್ಚದವರನ್ನು ಮೊದಲು ಹುಡುಕಿ: ಆಸ್ಪತ್ರೆ, ವಿದ್ಯಾರ್ಥಿನಿಲಯ, ಶೀತಲಗೃಹ, ನೀರಿನ ಪಂಪು.

ಹೆಜ್ಜೆ 7: ಹಣದ ಲೆಕ್ಕ

ಒಂದು ಮಾದರಿ ಲೆಕ್ಕ ಇಲ್ಲಿದೆ. ಅಂಕಿಗಳು ಊಹೆಯವು, ಕೊಟೇಶನ್ ಬಂದ ಮೇಲೆ ತಿದ್ದಿ. ಲೆಕ್ಕದ ಕ್ರಮ ಬದಲಾಗದು.

ಎರಡು ಮೆಗಾವ್ಯಾಟ್ ಯಂತ್ರ, ಮೆಗಾವ್ಯಾಟಿಗೆ 8 ಕೋಟಿ, ಒಟ್ಟು 16 ಕೋಟಿ. ಸಾಮರ್ಥ್ಯದ ಶೇ. 30 ಬಳಕೆ ಎಂದರೆ ವರ್ಷಕ್ಕೆ 52.56 ಲಕ್ಷ ಯೂನಿಟ್. ಇದು ನಡುಮಧ್ಯದ ಅಂದಾಜು, ನಿಜದಲ್ಲಿ ಇದಕ್ಕಿಂತ ಕಡಿಮೆ ಬರುವ ಸಂಭವ ಅರ್ಧಕ್ಕರ್ಧ. ಸಾಲದ ಲೆಕ್ಕಕ್ಕೆ ಪಿ90 ಎಂಬ ಅಂಕಿ ಬಳಸಿ. ಅದಕ್ಕಿಂತ ಹೆಚ್ಚು ಬರುವ ಸಂಭವ ನೂರಕ್ಕೆ 90. ಅಳತೆಯ ಅನಿಶ್ಚಿತತೆ ಶೇ. 12 ಇದ್ದರೆ ಪಿ90 ಸುಮಾರು 44.5 ಲಕ್ಷ ಯೂನಿಟ್.

ಬಂಡವಾಳದ ಶೇ. 30, ಅಂದರೆ 4.8 ಕೋಟಿ, ಷೇರಿನಿಂದ. 11.2 ಕೋಟಿ ಸಾಲ, ಶೇ. 10 ಬಡ್ಡಿ, 12 ವರ್ಷ. ವರ್ಷದ ಕಂತು 1.64 ಕೋಟಿ. ಬಳಕೆದಾರರಿಗೆ ಯೂನಿಟ್ಟಿಗೆ 7 ರೂಪಾಯಿ ಉಳಿದು, ವೀಲಿಂಗ್ ಮುಂತಾದವಕ್ಕೆ 2 ಹೋದರೆ ನಿವ್ವಳ 5. ವರ್ಷಕ್ಕೆ 2.22 ಕೋಟಿ. ನಿರ್ವಹಣೆ, ವಿಮೆಗೆ 30 ಲಕ್ಷ ಕಳೆದು, ಕಂತು ಕಟ್ಟಿದರೆ ಕೈಯಲ್ಲಿ 28 ಲಕ್ಷ, ಷೇರು ಹಣದ ಮೇಲೆ ಶೇ. 6ಕ್ಕಿಂತ ಸ್ವಲ್ಪ ಕಡಿಮೆ.

ಈ 28 ಲಕ್ಷ ಎಷ್ಟು ತೆಳು ನೋಡಿ. ಮಳೆಗಾಲದಲ್ಲಿ ಬಳಸಲಾಗದೆ ಶೇ. 10 ಯೂನಿಟ್ ರದ್ದಾದರೆ 22 ಲಕ್ಷ ಹೋಯಿತು, ಉಳಿಯುವುದು 6 ಲಕ್ಷ. ಅದೇ ಯಂತ್ರವನ್ನು ಕಡಿಮೆ ಗಾಳಿಯ ಕರಾವಳಿಯಲ್ಲಿ ನಿಲ್ಲಿಸಿ ಶೇ. 15 ಬಂತೆನ್ನಿ: ಆದಾಯ 1.11 ಕೋಟಿ, ಕಂತು 1.64 ಕೋಟಿ. ಮೊದಲ ವರ್ಷವೇ ಸಂಘ ಮುಳುಗಿತು.

ಷೇರಿನ ಬೆಲೆ ಕಟ್ಟಲು ಡೆನ್ಮಾರ್ಕಿನ ಪದ್ಧತಿ ಅನುಕೂಲ. ಕೋಪನ್‌ಹೇಗನ್ ಎದುರಿನ ಕಡಲಲ್ಲಿ 2000ದ ಹೊತ್ತಿಗೆ ಎದ್ದ ಮಿಡ್ಡೆಲ್‌ಗ್ರುಂಡನ್‌ನ 20 ಯಂತ್ರಗಳಲ್ಲಿ ಅರ್ಧ ಜನರ ಸಹಕಾರ ಸಂಘದ್ದು. ಅಲ್ಲಿ 40,500 ಷೇರು, ಪ್ರತಿ ಷೇರು ವರ್ಷಕ್ಕೆ 1,000 ಯೂನಿಟ್ ಉತ್ಪಾದನೆಗೆ ಸಮ. ನಮ್ಮ ಲೆಕ್ಕಕ್ಕೆ ಇದನ್ನು ಹಾಕಿದರೆ 44.5 ಲಕ್ಷಕ್ಕೆ 4,450 ಷೇರು, ತಲಾ ಸುಮಾರು 10,800 ರೂಪಾಯಿ. ‘ನನ್ನ ಪಾಲು ಸಾವಿರ ಯೂನಿಟ್’ ಎಂಬುದು ಮೀನು ಮಾರುವ ಅಕ್ಕನಿಗೂ ಅರ್ಥವಾಗುತ್ತದೆ, ಮುಖಬೆಲೆಯ ಷೇರು ಅರ್ಥವಾಗದು.

ಸಹಕಾರ ಸಂಘ ವಿದ್ಯುತ್ತಿನ ವ್ಯವಹಾರ ನಡೆಸುವುದು ನಮ್ಮಲ್ಲಿ ಹೊಸದೇನಲ್ಲ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಿಂದ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ವಿತರಣೆಯನ್ನೇ ಮಾಡುತ್ತ ಬಂದಿದೆ. ಇನ್ನು ಗದಗದ ಗಾಳಿಗೆ ಸಹಕಾರ ಸಂಘ ಕಟ್ಟಲು ಹೊರಟವರು ನೆನೆಯಬೇಕಾದ ಊರು ಅಲ್ಲೇ ಪಕ್ಕದ ಕಣಗಿನಹಾಳ, 1905ರಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ ಜಾಗ.

ಹೆಜ್ಜೆ 8: ಪರವಾನಗಿಗಳು

ಘಟ್ಟದ ಮೇಲಾದರೆ ರಾಜ್ಯದ ನವೀಕರಿಸಬಹುದಾದ ಇಂಧನ ನಿಗಮವಾದ ಕ್ರೆಡಲ್‌ನ ಹಂಚಿಕೆ, ಗ್ರಿಡ್ ಸಂಪರ್ಕದ ಒಪ್ಪಿಗೆ, ಮುಕ್ತ ಪ್ರವೇಶದ ಒಪ್ಪಂದ, ಎರಡೂ ತುದಿಗೆ 15 ನಿಮಿಷದ ಲೆಕ್ಕ ಇಡುವ ಮೀಟರು. ಈಗಾಗಲೇ ರಸ್ತೆ, ಸಬ್‌ಸ್ಟೇಷನ್ ಇರುವ ಪವನ ಕ್ಷೇತ್ರದೊಳಗೆ ಒಂದು ಯಂತ್ರ ಕೊಳ್ಳುವುದು ಒಂಟಿ ಯಂತ್ರ ನಿಲ್ಲಿಸುವುದಕ್ಕಿಂತ ಎಷ್ಟೋ ಸಲೀಸು. ಪಂಚಾಯಿತಿ, ಪುರಸಭೆಗಳು ಹಣ ಹೂಡಲು ಸರ್ಕಾರದ ಮಂಜೂರಾತಿ ಬೇಕು; ಅದರ ಕಡತವನ್ನು ಎಲ್ಲಕ್ಕಿಂತ ಮೊದಲು ಶುರುಮಾಡಿ.

ಕರಾವಳಿಯಲ್ಲೇ ಆದರೆ ಪಟ್ಟಿ ಉದ್ದ. ದಂಡೆಯ ಹತ್ತಿರ ಕರಾವಳಿ ನಿಯಂತ್ರಣ ವಲಯದ (ಸಿ.ಆರ್.ಝಡ್.) 2019ರ ಅಧಿಸೂಚನೆ, ಯಾವ ವಲಯಕ್ಕೆ ನಿಮ್ಮ ಸರ್ವೆ ನಂಬರು ಬೀಳುತ್ತದೆ ಎಂಬುದನ್ನು ರಾಜ್ಯ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರದ ನಕಾಶೆಯಲ್ಲಿ ನೋಡಿ. ಕಾಂಡ್ಲಾ (ಮ್ಯಾಂಗ್ರೋವ್), ಮರಳುದಿಬ್ಬ, ಆಮೆ ಮೊಟ್ಟೆಯಿಡುವ ದಂಡೆ ಇರುವಲ್ಲಿ ಕಾಲಿಡಲೇಬೇಡಿ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್‌ಸಾರ್ ಪಟ್ಟಿ ಸೇರಿದ ಅಘನಾಶಿನಿ ಅಳಿವೆಯ ಸುತ್ತಲೂ ಅದೇ ಮಾತು. ಬಜ್ಪೆ ವಿಮಾನ ನಿಲ್ದಾಣದ ಸುತ್ತ ಎತ್ತರದ ಮಿತಿ, ಕಾರವಾರದ ಸುತ್ತ ನೌಕಾನೆಲೆಯ ಒಪ್ಪಿಗೆ. ಈ ಕೊನೆಯ ಎರಡನ್ನು ಅಳತೆ ಕಂಬ ಏರಿಸುವ ಮೊದಲೇ ವಿಚಾರಿಸಿ, ಕಂಬಕ್ಕೂ ಅವು ಅನ್ವಯಿಸುತ್ತವೆ.

ಹೆಜ್ಜೆ 9: ಊರ ಸಭೆ

ಸಭೆಯನ್ನು ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಕರೆಯುವ ಚಾಳಿ ಇದೆ, ಅದು ಬೇಡ. ಹೆಜ್ಜೆ 2 ಮುಗಿದ ಕೂಡಲೇ ಒಂದು, ಅಳತೆಯ ಅಂಕಿ ಬಂದ ಮೇಲೆ ಇನ್ನೊಂದು. ಎರಡನೆಯದರಲ್ಲಿ ತಿಂಗಳವಾರು ಗಾಳಿಯ ಚಿತ್ರ, ಅದರ ಕೆಳಗೆ ತಿಂಗಳವಾರು ಬಿಲ್ಲಿನ ಚಿತ್ರ, ಎರಡನ್ನೂ ಒಂದೇ ಹಾಳೆಯಲ್ಲಿ ದೊಡ್ಡದಾಗಿ ಅಚ್ಚುಹಾಕಿ ಗೋಡೆಗೆ ಅಂಟಿಸಿ. ಮೂರು ಪ್ರಶ್ನೆಗೆ ನೇರ ಉತ್ತರ ಇರಲಿ. ನಷ್ಟವಾದರೆ ಷೇರು ಹಣ ಹೋಗುತ್ತದೆಯೇ? ಹೋಗುತ್ತದೆ. ನನ್ನ ಮನೆಯ ಬಿಲ್ಲು ಇಳಿಯುತ್ತದೆಯೇ? ಹೆಚ್ಚಿನವರದ್ದು ಇಳಿಯದು, ಲಾಭಾಂಶ ಬಂದರೆ ಬಂದೀತು. ಯಂತ್ರ ಕೆಟ್ಟರೆ? ಮಳೆಗಾಲದಲ್ಲಿ ಒಂದು ತಿಂಗಳು ನಿಂತರೆ ಆ ವರ್ಷದ ಲಾಭ ಹೋದಂತೆ. ಆದ್ದರಿಂದ ನಿರ್ವಹಣಾ ಒಪ್ಪಂದದಲ್ಲಿ ಯಂತ್ರ ಶೇ. 95 ಸಮಯ ಸಿದ್ಧವಿರಬೇಕು ಎಂಬ ಷರತ್ತನ್ನು ವರ್ಷದ ಸರಾಸರಿಗೆ ಬಿಡದೆ, ಜೂನ್‌ನಿಂದ ಸೆಪ್ಟೆಂಬರ್‌ಗೆ ಬೇರೆಯಾಗಿ ಬರೆಸಿ.

ಕೆಲಸದ ಕಾಲಗಣನೆ

ಆಗಸ್ಟ್‌ನಲ್ಲಿ ಬಿಲ್ಲು, ಸೆಪ್ಟೆಂಬರ್‌ನಲ್ಲಿ ನಕಾಶೆ ಮತ್ತು ಜಾಗ, ಅಕ್ಟೋಬರ್‌ನಲ್ಲಿ ಕಂಬದ ಟೆಂಡರು. ಕಂಬ ಏರಬೇಕಾದದ್ದು ನವೆಂಬರ್, ಡಿಸೆಂಬರ್‌ನಲ್ಲಿ. ಆಗ ಮಳೆ ನಿಂತಿರುತ್ತದೆ, ಗಾಳಿ ಮಂದ, ಮೇಲೆ ಹತ್ತುವವರಿಗೆ ಅಪಾಯ ಕಡಿಮೆ. ಏಪ್ರಿಲ್‌ಗೆ ತಳ್ಳಿದರೆ ಎಳೆತಂತಿಗಳ ಬಿಗಿ ಸರಿಪಡಿಸಲು ಸಮಯ ಸಿಗುವುದಿಲ್ಲ. ಹೊಸ ಕಂಬದ ತಂತಿಗಳು ಮೊದಲ ತಿಂಗಳಲ್ಲಿ ಸಡಿಲವಾಗುತ್ತವೆ, ಅವನ್ನು ಮತ್ತೆ ಬಿಗಿಯುವ ಹೊತ್ತಿಗೆ ಮೇ ಬಂದಿರುತ್ತದೆ, 2021ರ ತೌಕ್ತೆಯಂಥ ಚಂಡಮಾರುತ ಬರುವುದೂ ಮೇಯಲ್ಲೇ. ಕಂಬ ಬಿದ್ದರೆ ಮತ್ತೆ ಏರಿಸಲು ಇನ್ನೊಂದು ನವೆಂಬರ್ ಕಾಯಬೇಕು.